ಕೂದಲಿನ ಹೆಸರಿನಲ್ಲಿ ನಾಚಿಕೆಯ ವ್ಯಾಪಾರ

ಒಂದು ಕಾಲದಲ್ಲಿ ನಮ್ಮ ಊರುಗಳ ಬಸ್‌ಸ್ಟ್ಯಾಂಡಿನ ಗೋಡೆಗಳನ್ನು ಮೂಲವ್ಯಾಧಿ ಮತ್ತು ಗುಪ್ತರೋಗಗಳ ಜಾಹೀರಾತುಗಳು ಆಳುತ್ತಿದ್ದವು. ಈಗ ಆ ಗೋಡೆಯ ಜಾಗಕ್ಕೆ ಟಿವಿ ಮತ್ತು ಮೊಬೈಲ್ ಬಂದಿವೆ. ಮೂಲವ್ಯಾಧಿಯ ಜಾಗಕ್ಕೆ ಕೂದಲು ಬಂದಿದೆ. 90 ದಿನಗಳಲ್ಲಿ ಬೊಕ್ಕತಲೆಯಲ್ಲಿ ಹೊಸ ಕೂದಲು, ಅಡ್ಡ ಪರಿಣಾಮವಿಲ್ಲ, ನೂರಕ್ಕೆ ನೂರು ನೈಸರ್ಗಿಕ, ಫಲಿತಾಂಶ ಸಿಗದಿದ್ದರೆ ಹಣ ವಾಪಸ್. ಹೀಗೆಂದು ಕೂಗದ ದಿನವಿಲ್ಲ. ಹಣ ವಾಪಸ್ ಪಡೆದ ಒಬ್ಬನೇ ಒಬ್ಬನನ್ನಾದರೂ ಓದುಗರು ಕಂಡಿದ್ದಾರೆಯೇ?

ಇದು ಬರೀ ಎಣ್ಣೆಯ ವಿಷಯ, ಇದರ ಬಗ್ಗೆ ಲೇಖನ ಬರೆಯುವಷ್ಟು ಏನಿದೆ ಎಂದು ಕೇಳುವವರಿದ್ದಾರೆ. ಇದೆ ಎನ್ನುತ್ತೇವೆ ನಾವು. ಏಕೆಂದರೆ ಇಲ್ಲಿ ಮಾರಾಟವಾಗುತ್ತಿರುವುದು ಎಣ್ಣೆಯಲ್ಲ, ನಾಚಿಕೆ. ಮೊದಲು ನಿಮ್ಮ ತಲೆಯ ಬಗ್ಗೆ ನಿಮಗೇ ಅಸಹ್ಯ ಹುಟ್ಟಿಸುವುದು, ಆಮೇಲೆ ಆ ಅಸಹ್ಯವನ್ನು ತೊಳೆಯಲು ಬಾಟಲಿ ಮಾರುವುದು. ಮೈಬಣ್ಣದ ವಿಷಯದಲ್ಲಿ ಬಿಳಿ ಕ್ರೀಮಿನವರು ದಶಕಗಳ ಕಾಲ ಮಾಡಿದ್ದೂ ಇದನ್ನೇ.

ಮೊದಲು ಕೂದಲಿನ ವಿಷಯವನ್ನು ಸ್ವಲ್ಪ ನೇರವಾಗಿ ತಿಳಿದುಕೊಳ್ಳೋಣ. ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿವೆ. ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆಯುತ್ತದೆ, ಆಮೇಲೆ ಸುಮಾರು ಮೂರು ತಿಂಗಳು ವಿಶ್ರಾಂತಿ ಪಡೆದು ಉದುರುತ್ತದೆ, ಅದೇ ಬುಡದಿಂದ ಮತ್ತೊಂದು ಹುಟ್ಟುತ್ತದೆ. ಹೀಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರುವುದು ಆರೋಗ್ಯದ ಲಕ್ಷಣವೇ ಹೊರತು ರೋಗವಲ್ಲ. ಬಾಚಣಿಗೆಯಲ್ಲಿ ನಾಲ್ಕು ಕೂದಲು ಕಂಡ ಕೂಡಲೇ ಹೆದರಬೇಕೆಂದು ನಮಗೆ ಕಲಿಸಿದ್ದು ಜಾಹೀರಾತು.

ಇನ್ನು ನಿಜವಾಗಿಯೂ ಕೂದಲು ಹೋಗುವುದಕ್ಕೆ ಕಾರಣ ಒಂದಲ್ಲ, ಹಲವು. ಗಂಡಸರಲ್ಲಿ ಹಣೆಯ ಎರಡು ಬದಿಯಿಂದ ಮತ್ತು ನೆತ್ತಿಯಿಂದ ಶುರುವಾಗುವ ಬೊಕ್ಕತನ ವಂಶದಿಂದ ಬರುವಂಥದ್ದು. ಟೆಸ್ಟೋಸ್ಟಿರೋನ್‌ನಿಂದ ಹುಟ್ಟುವ ಡಿಎಚ್‌ಟಿ ಎಂಬ ಹಾರ್ಮೋನು ಕೂದಲಿನ ಬುಡವನ್ನು ವರ್ಷ ವರ್ಷವೂ ಕುಗ್ಗಿಸುತ್ತಾ ಹೋಗುತ್ತದೆ. ಜ್ವರ, ಬಾಣಂತನ, ಶಸ್ತ್ರಚಿಕಿತ್ಸೆ, ದೊಡ್ಡ ಆಘಾತ ಇವುಗಳ ನಂತರ ರಾಶಿ ರಾಶಿಯಾಗಿ ಉದುರುವುದು ಬೇರೆ ಬಗೆ. ನಾಣ್ಯದಷ್ಟು ಅಗಲದ ಜಾಗ ಏಕಾಏಕಿ ನುಣ್ಣಗಾಗುವುದು ಮತ್ತೊಂದು ಬಗೆ. ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲಿನ ಬುಡದ ಮೇಲೆ ದಾಳಿ ಮಾಡುವ ಕಾಯಿಲೆ ಅದು. ರಕ್ತಹೀನತೆ, ಥೈರಾಯ್ಡ್ ತೊಂದರೆ, ಹುಡುಗಿಯರಲ್ಲಿ ಅಂಡಾಶಯಕ್ಕೆ ಸಂಬಂಧಿಸಿದ ಪಿಸಿಓಎಸ್ ಇವೂ ಕೂದಲನ್ನು ತೆಳುವಾಗಿಸುತ್ತವೆ. ಜುಟ್ಟು, ಜಡೆ, ತುರುಬುಗಳನ್ನು ವರ್ಷಗಟ್ಟಲೆ ಬಿಗಿಯಾಗಿ ಎಳೆದು ಕಟ್ಟಿದರೂ ಹಣೆಯ ಅಂಚಿನ ಕೂದಲು ಹೋಗುತ್ತದೆ.

ಇಷ್ಟೊಂದು ಬೇರೆ ಬೇರೆ ಕಾರಣಗಳಿಗೆ ಒಂದೇ ಬಾಟಲಿ ಮದ್ದಾಗುವುದು ಹೇಗೆ? ಕೆಮ್ಮಿಗೂ ಕಾಲುನೋವಿಗೂ ಹೊಟ್ಟೆನೋವಿಗೂ ಒಂದೇ ಮಾತ್ರೆ ಕೊಡುವವನನ್ನು ನಾವು ವೈದ್ಯ ಎನ್ನುವುದಿಲ್ಲ. ಕೂದಲಿನ ವಿಷಯದಲ್ಲಿ ಮಾತ್ರ ಅಂಥವನ ಮುಂದೆ ಸಾಲು ನಿಲ್ಲುತ್ತೇವೆ.

ಆದರೆ ಬಳಸಿದವರಿಗೆ ಗುಣವಾಗಿದೆಯಲ್ಲ, ಅವರೇ ಹೇಳುತ್ತಿದ್ದಾರಲ್ಲ ಎಂಬ ಮಾತಿದೆ. ಈ 90 ದಿನಗಳ ಗ್ಯಾರಂಟಿಯ ಒಳಗುಟ್ಟು ಇರುವುದೇ ಅಲ್ಲಿ. ಹೆರಿಗೆಯಾದ ಅಥವಾ ಡೆಂಗ್ಯೂ, ಟೈಫಾಯ್ಡ್, ಕೋವಿಡ್‌ನಂತಹ ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೆ ಕೂದಲು ಉದುರಲು ಶುರುವಾಗುತ್ತದೆ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ಅದು ತನ್ನಷ್ಟಕ್ಕೆ ನಿಂತು ಹೊಸ ಕೂದಲು ಬರುತ್ತದೆ. ಜನ ಎಣ್ಣೆ ಕೊಳ್ಳುವುದು ಯಾವಾಗ? ಉದುರುವಿಕೆ ಜೋರಾಗಿ ಗಾಬರಿಯಾದಾಗ. ಅಂದರೆ ಪ್ರಕೃತಿ ತಾನಾಗಿ ಸರಿಮಾಡುವುದಕ್ಕೆ ಸ್ವಲ್ಪ ಮುಂಚೆ. ಆ ಹೊತ್ತಿನಲ್ಲಿ ತಲೆಗೆ ನೂರು ರೂಪಾಯಿಯ ಎಣ್ಣೆ ಹಚ್ಚಿದರೂ ಸಾವಿರ ರೂಪಾಯಿಯ ಎಣ್ಣೆ ಹಚ್ಚಿದರೂ, ಏನೂ ಹಚ್ಚದಿದ್ದರೂ ಮೂರು ತಿಂಗಳಲ್ಲಿ ಹೆಚ್ಚಿನವರಿಗೆ ಸುಧಾರಣೆ ಕಾಣುತ್ತದೆ. ಕೆಲಸ ಮಾಡಿದ್ದು ದೇಹ, ಕೀರ್ತಿ ಹೋದದ್ದು ಬಾಟಲಿಗೆ. ಹಾಗೆ ಹೇಳುವ ಬಾಣಂತಿ ಸುಳ್ಳು ಹೇಳುತ್ತಿಲ್ಲ. ಆಕೆಯ ಪ್ರಾಮಾಣಿಕತೆಯನ್ನು ವ್ಯಾಪಾರಿ ಬಂಡವಾಳ ಮಾಡಿಕೊಂಡಿದ್ದಾನೆ.

ಸಂಶೋಧನೆಯಾಗಿದೆ ಎನ್ನುವವರ ಮಾತನ್ನೂ ನೋಡೋಣ. ಈರುಳ್ಳಿ ರಸದ ಮಹಿಮೆ ಹಾಡುವವರೆಲ್ಲ 2002ರಲ್ಲಿ ಬಾಗ್ದಾದಿನ ವೈದ್ಯರು ಪ್ರಕಟಿಸಿದ ಒಂದು ಅಧ್ಯಯನವನ್ನು ಆಧಾರವಾಗಿ ತೋರಿಸುತ್ತಾರೆ. ಅದರಲ್ಲಿ ಇದ್ದವರು 38 ಮಂದಿ. ಈರುಳ್ಳಿ ರಸ ಹಚ್ಚಿಕೊಂಡ 23 ಮಂದಿಯಲ್ಲಿ 20 ಮಂದಿಗೆ ಆರು ವಾರಗಳಲ್ಲಿ ಕೂದಲು ಬಂತು, ಬರೀ ನೀರು ಹಚ್ಚಿಕೊಂಡ 15 ಮಂದಿಯಲ್ಲಿ ಇಬ್ಬರಿಗೆ ಬಂತು. ಕುತೂಹಲದ ಫಲಿತಾಂಶವೇ. ಆದರೆ ಅವರೆಲ್ಲ ನಾಣ್ಯದಾಕಾರದಲ್ಲಿ ಕೂದಲು ಹೋಗುವ, ಎಷ್ಟೋ ಸಲ ತಾನಾಗಿಯೇ ವಾಸಿಯಾಗುವ ಕಾಯಿಲೆಯವರು. ವಂಶದ ಬೊಕ್ಕತಲೆಯ ಒಬ್ಬ ರೋಗಿಯನ್ನೂ ಆ ಅಧ್ಯಯನ ಮುಟ್ಟಿಲ್ಲ. ಈ ಒಂದು ಮಾತನ್ನು ನುಂಗಿಬಿಟ್ಟು ಈರುಳ್ಳಿ ಎಣ್ಣೆಯನ್ನು ಎಲ್ಲ ತಲೆಗಳಿಗೂ ಮಾರಲಾಗುತ್ತಿದೆ. ರೋಸ್‌ಮೇರಿ ಎಣ್ಣೆಯದ್ದೂ ಇದೇ ಕಥೆ. 2015ರಲ್ಲಿ ಪ್ರಕಟವಾದ ಇರಾನಿನ 100 ಮಂದಿಯ ಅಧ್ಯಯನದಲ್ಲಿ ಅದನ್ನು ಶೇಕಡಾ 2ರ ಮಿನಾಕ್ಸಿಡಿಲ್ ಜೊತೆ ಹೋಲಿಸಲಾಯಿತು. ಮೂರು ತಿಂಗಳಲ್ಲಿ ಎರಡರಿಂದಲೂ ಬದಲಾವಣೆ ಕಾಣಲಿಲ್ಲ, ಆರು ತಿಂಗಳಲ್ಲಿ ಎರಡರಲ್ಲೂ ಕೂದಲಿನ ಸಂಖ್ಯೆ ಸ್ವಲ್ಪ ಹೆಚ್ಚಿತು. ಏನೂ ಹಚ್ಚದ ಗುಂಪು ಆ ಅಧ್ಯಯನದಲ್ಲಿ ಇರಲೇ ಇಲ್ಲ. ಇದನ್ನು ಓದಿದ ವಿಜ್ಞಾನಿ ಇನ್ನೂ ದೊಡ್ಡ ಅಧ್ಯಯನ ಬೇಕು ಎನ್ನುತ್ತಾನೆ. ವ್ಯಾಪಾರಿ ಸಾಬೀತಾಗಿದೆ ಎನ್ನುತ್ತಾನೆ.

ನಾವು ಎಣ್ಣೆಯ ವಿರೋಧಿಗಳಲ್ಲ. ದಾಸವಾಳ, ಗರುಗದ ಸೊಪ್ಪು, ಮೆಂತ್ಯೆ, ಕರಿಬೇವು ಹಾಕಿ ಅಜ್ಜಿ ಕಾಯಿಸಿದ ಎಣ್ಣೆಯನ್ನು ತಲೆಗೆ ತಿಕ್ಕಿಸಿಕೊಂಡು ಬೆಳೆದವರೇ ನಾವೆಲ್ಲ. ತೆಂಗಿನೆಣ್ಣೆ ಕೂದಲಿನ ಒಳಗೆ ಇಳಿದು ಅದರ ಪ್ರೋಟೀನು ನಷ್ಟವಾಗುವುದನ್ನು ಕಡಿಮೆ ಮಾಡುತ್ತದೆ, ಸೂರ್ಯಕಾಂತಿ ಎಣ್ಣೆಗಾಗಲಿ ಖನಿಜ ತೈಲಕ್ಕಾಗಲಿ ಆ ಗುಣವಿಲ್ಲ ಎಂದು 2003ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನ ತೋರಿಸಿದೆ. ಅದನ್ನು ಮಾಡಿದ್ದು ಎಣ್ಣೆ ಕಂಪನಿಯ ಸಂಶೋಧಕರೇ ಎಂಬುದನ್ನೂ ನೆನಪಿಡೋಣ. ಇರುವ ಕೂದಲನ್ನು ಎಣ್ಣೆ ಕಾಪಾಡಬಹುದು, ಹೊಳಪು ಕೊಡಬಹುದು, ತಲೆ ತಿಕ್ಕುವ ಕೈ ನೆಮ್ಮದಿ ಕೊಡಬಹುದು. ಆದರೆ ಸತ್ತುಹೋದ ಬುಡದಿಂದ ಕೂದಲು ಎಬ್ಬಿಸುತ್ತೇನೆಂದು ಅಜ್ಜಿ ಎಂದೂ ಹೇಳಲಿಲ್ಲ. ಅದಕ್ಕಾಗಿ ಅವಳು ಸಾವಿರ ರೂಪಾಯಿ ಕೇಳಲೂ ಇಲ್ಲ.

ಈಗಿನ ವ್ಯಾಪಾರಿಗೆ ಬೇಕಾಗಿರುವುದು ಅಜ್ಜಿಯ ಎಣ್ಣೆಯಲ್ಲ, ಅಜ್ಜಿಯ ಮೇಲಿನ ನಮ್ಮ ನಂಬಿಕೆ. ಆದ್ದರಿಂದಲೇ ಒಬ್ಬ ಋಷಿಮುನಿಗಳ ಹೆಸರಿನಲ್ಲಿ ಮಾರುತ್ತಾನೆ, ಇನ್ನೊಬ್ಬ ಪ್ರವಾದಿ ವೈದ್ಯದ ಹೆಸರಿನಲ್ಲಿ ಕರಿಜೀರಿಗೆ ಎಣ್ಣೆ ಮಾರುತ್ತಾನೆ, ಮತ್ತೊಬ್ಬ ಕಾಡಿನ ಜನರ ಹೆಸರಿನಲ್ಲಿ ಮಾರುತ್ತಾನೆ. ನಮ್ಮವರ ಅಂಗಡಿಯಲ್ಲಿ ಅರಬಿ ಅಕ್ಷರದ ಲೇಬಲ್ ಕಂಡ ಕೂಡಲೇ ಪ್ರಶ್ನೆ ಕೇಳುವುದನ್ನು ಬಿಟ್ಟುಬಿಡುವ ಅಭ್ಯಾಸ ನಮ್ಮಲ್ಲೂ ಇದೆ. ಧರ್ಮದ ಹೆಸರನ್ನು ಬಾಟಲಿಗೆ ಅಂಟಿಸುವವನಿಗೆ ಭಕ್ತಿ ಇದೆ ಎಂದು ಏಕೆ ತಿಳಿಯಬೇಕು? ತೂಕದಲ್ಲಿ ಮೋಸ ಮಾಡಬಾರದೆಂಬುದು ಧರ್ಮವಾದರೆ, ಮಾತಿನಲ್ಲಿ ಮೋಸ ಮಾಡುವುದೂ ಅದೇ ಲೆಕ್ಕಕ್ಕೆ ಬರಬೇಕಲ್ಲವೇ? ಯುನಾನಿಗೂ ಆಯುರ್ವೇದಕ್ಕೂ ಕಾಲೇಜುಗಳಿವೆ, ನೋಂದಾಯಿತ ವೈದ್ಯರಿದ್ದಾರೆ. ಬೆಂಗಳೂರಿನಲ್ಲಿಯೇ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ. ರೋಗಿಯ ಮುಖ ನೋಡದೆ ಕೊರಿಯರಿನಲ್ಲಿ ಬಾಟಲಿ ಕಳಿಸುವವನು ಈ ಪದ್ಧತಿಗಳ ಪ್ರತಿನಿಧಿಯಲ್ಲ. ಅವನನ್ನು ಟೀಕಿಸಿದರೆ ನಾಟಿ ವೈದ್ಯವನ್ನು ಅವಮಾನಿಸಿದಂತೆ ಎನ್ನುವುದು ಅವನೇ ಹಬ್ಬಿಸಿದ ಮಾತು.

ಹಕ್ಕಿಪಿಕ್ಕಿಗಳ ಹೆಸರಿನ ಎಣ್ಣೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹುಣಸೂರು ತಾಲೂಕಿನ ಪಕ್ಷಿರಾಜಪುರದ ಈ ಜನ ಒಂದು ಕಾಲಕ್ಕೆ ಹಕ್ಕಿ ಹಿಡಿದು ಬದುಕುತ್ತಿದ್ದವರು. 1972ರ ವನ್ಯಜೀವಿ ಕಾನೂನು ಬಂದ ಮೇಲೆ ಆ ಕಸುಬು ಅಪರಾಧವಾಯಿತು, ಬದಲಿ ಕಸುಬನ್ನು ಯಾವ ಸರಕಾರವೂ ಸರಿಯಾಗಿ ಕೊಡಲಿಲ್ಲ. ಗಿಡಮೂಲಿಕೆ ಮತ್ತು ಎಣ್ಣೆ ಹೊತ್ತು ಅವರು ಆಫ್ರಿಕಾದವರೆಗೂ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಹಕ್ಕಿಪಿಕ್ಕಿಗಳಿದ್ದುದು ಇದೇ ಕಾರಣಕ್ಕೆ. ಅವರ ದುಡಿಮೆಯ ಬಗ್ಗೆ ನಮಗೆ ಗೌರವವಿದೆ. ಆದರೆ 108 ಗಿಡಮೂಲಿಕೆಗಳ ಹೆಸರು ಹೇಳಿ, ಸಿನಿಮಾ ನಟರನ್ನು ಕರೆಸಿ, ಮೊಣಕಾಲಿನವರೆಗೆ ಕೂದಲು ಬೆಳೆಯುತ್ತದೆಂದು ತೋರಿಸುವ ಜಾಹೀರಾತನ್ನು ಬಡವರ ಕಸುಬು ಎಂಬ ಒಂದೇ ಕಾರಣಕ್ಕೆ ಒಪ್ಪಲಾಗದು. ಅದರ ಜಾಡಿನಲ್ಲೇ ನಕಲಿ ಬಾಟಲಿಗಳ ಸಂತೆ ನೆರೆದಿದೆ. ಬುಡಕಟ್ಟಿನ ಹುಡುಗಿಯ ಉದ್ದ ಜಡೆಯನ್ನು ತೋರಿಸಿ ಯಾರೋ ಹಣ ಮಾಡುತ್ತಿದ್ದಾರೆ. ಆ ಹುಡುಗಿಯ ಊರಿನ ಶಾಲೆ, ಆಸ್ಪತ್ರೆ ಹೇಗಿವೆ ಎಂದು ಕೊಳ್ಳುವವರು ಕೇಳುವುದಿಲ್ಲ.

ಇನ್ನು ಎಣ್ಣೆಯಿಂದ ಹಾನಿ ಏನು ಎಂಬ ಪ್ರಶ್ನೆ. 2024ರ ಡಿಸೆಂಬರ್‌ನಲ್ಲಿ ಮೀರತ್‌ನಲ್ಲಿ ಬೊಕ್ಕತಲೆಗೆ ಕೂದಲು ಬರಿಸುತ್ತೇವೆಂದು ಶಿಬಿರ ನಡೆಸಿದವರ ಮುಂದೆ ಸಾವಿರಾರು ಜನ ಸಾಲು ನಿಂತರು. ತುರಿಕೆ, ಅಲರ್ಜಿಯ ದೂರು ಬಂದ ಮೇಲೆ ಪೊಲೀಸರು ಮಾರುವವರನ್ನು ಬಂಧಿಸಿದರು. 2025ರ ಮಾರ್ಚ್‌ನಲ್ಲಿ ಪಂಜಾಬಿನ ಸಂಗರೂರಿನಲ್ಲಿ ಅಂಥದ್ದೇ ಶಿಬಿರದಲ್ಲಿ ಎಣ್ಣೆ ಹಚ್ಚಿಸಿಕೊಂಡ 60ಕ್ಕೂ ಹೆಚ್ಚು ಜನ ಕಣ್ಣುರಿ, ಕಣ್ಣಿನ ಊತದಿಂದ ಆಸ್ಪತ್ರೆಗೆ ಓಡಿದರು. ಕೂದಲು ಕೇಳಲು ಹೋದವರು ಕಣ್ಣು ಉಳಿಸಿಕೊಂಡು ಬಂದರೆ ಸಾಕಪ್ಪಾ ಎನ್ನುವ ಸ್ಥಿತಿ.

ಆದರೆ ಇದಕ್ಕಿಂತ ದೊಡ್ಡ ಹಾನಿ ಸದ್ದಿಲ್ಲದೆ ನಡೆಯುತ್ತಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಶೇಕಡಾ 47.8. ಅಂದರೆ ನಮ್ಮ ಮನೆಗಳಲ್ಲಿ ಹತ್ತಿರ ಹತ್ತಿರ ಇಬ್ಬರಲ್ಲಿ ಒಬ್ಬಳಿಗೆ. ಕೂದಲು ತೆಳುವಾಗುತ್ತಿದೆ ಎಂದು ದೂರುವ ಹುಡುಗಿಗೆ ಬೇಕಾಗಿರುವುದು ಎಷ್ಟೋ ಸಲ ಒಂದು ರಕ್ತಪರೀಕ್ಷೆ, ಕಬ್ಬಿಣದ ಮಾತ್ರೆ, ಹೊಟ್ಟೆತುಂಬ ಊಟ. ಗಂಡ ಮಕ್ಕಳಿಗೆ ಬಡಿಸಿ ಉಳಿದದ್ದನ್ನು ತಿನ್ನುವ ತಾಯಿಗೆ ನಾವು ಎಣ್ಣೆ ತಂದುಕೊಡುತ್ತೇವೆ. ಆಕೆಯ ದೇಹ ಕೂದಲಿನ ಮೂಲಕ ಒಂದು ಸುದ್ದಿ ಹೇಳುತ್ತಿದೆ. ನಾವು ಸುದ್ದಿ ಓದದೆ ಕಾಗದಕ್ಕೆ ಅತ್ತರು ಹಚ್ಚುತ್ತಿದ್ದೇವೆ. ಥೈರಾಯ್ಡ್ ತೊಂದರೆ ಇರುವವಳೂ ಹೀಗೆಯೇ ಎರಡು ವರ್ಷ ಎಣ್ಣೆ ಬದಲಿಸುತ್ತಾ ಕಳೆಯುತ್ತಾಳೆ.

ತಲೆಗೆ ಬಟ್ಟೆ ಹಾಕುವುದರಿಂದ ಕೂದಲು ಉದುರುತ್ತದೆ ಎಂದು ನಮ್ಮ ಹೆಣ್ಣುಮಕ್ಕಳಿಗೆ ಹೆದರಿಸಿ ವಿಶೇಷ ಎಣ್ಣೆ ಮಾರುವವರೂ ಹುಟ್ಟಿಕೊಂಡಿದ್ದಾರೆ. ಕೂದಲಿನ ಬುಡಕ್ಕೆ ಉಸಿರಾಡಲು ಹೊರಗಿನ ಗಾಳಿ ಬೇಕಿಲ್ಲ, ಅದಕ್ಕೆ ಆಮ್ಲಜನಕ ಬರುವುದು ರಕ್ತದಿಂದ. ಬಟ್ಟೆ ತಪ್ಪು ಮಾಡುವುದಿಲ್ಲ. ಬಟ್ಟೆಯ ಒಳಗೆ ಒದ್ದೆ ಕೂದಲನ್ನು ಬಿಗಿಯಾಗಿ ಎಳೆದು ಕಟ್ಟುವುದು ತಪ್ಪು. ಒಣಗಿಸಿ, ಸಡಿಲವಾಗಿ ಕಟ್ಟಿಕೊಂಡರೆ ಮುಗಿಯಿತು. ಈ ಸಲಹೆಗೆ ಬೆಲೆಯಿಲ್ಲ, ಆದ್ದರಿಂದ ಇದನ್ನು ಯಾರೂ ಜಾಹೀರಾತು ಮಾಡುವುದಿಲ್ಲ.

ಇಂಗ್ಲಿಷ್ ಔಷಧದ ವಕಾಲತ್ತು ವಹಿಸುತ್ತಿದ್ದೇವೆಂದು ಯಾರೂ ತಿಳಿಯಬಾರದು. ಅಲ್ಲಿಯೂ ಮಾರುಕಟ್ಟೆ ಅದೇ. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ತಿಂದವರ ಮೈಮೇಲೆಲ್ಲ ಕೂದಲು ಬೆಳೆದದ್ದನ್ನು ಕಂಡು ತಲೆಗೆ ಹಚ್ಚುವ ದ್ರಾವಣ ಮಾಡಿದರು. 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇದು ಕೆಲಸ ಮಾಡುತ್ತದೆ ಎಂಬುದಕ್ಕೆ ಪುರಾವೆ ಇದೆ. ಆದರೆ ಎಲ್ಲರಿಗೂ ಅಲ್ಲ, ಫಲ ಕಾಣಲು ನಾಲ್ಕಾರು ತಿಂಗಳು ಬೇಕು, ಮೊದಮೊದಲು ಉದುರುವುದು ಹೆಚ್ಚಾಗಬಹುದು, ಬಿಟ್ಟರೆ ಬಂದ ಕೂದಲೂ ಹೋಗುತ್ತದೆ. ಅಂದರೆ ಇದು ಜೀವನಪರ್ಯಂತದ ಬಾಡಿಗೆ. ಇದನ್ನು ಅಂಗಡಿಯವನು ಹೇಳುವನೇ? ಡಿಎಚ್‌ಟಿಯನ್ನು ತಡೆಯುವ ಫಿನಾಸ್ಟರೈಡ್ ಮಾತ್ರೆ 1997ರಿಂದ ಗಂಡಸರ ಬೊಕ್ಕತನಕ್ಕೆ ಬಳಕೆಯಲ್ಲಿದೆ. ಕೆಲವರಲ್ಲಿ ಲೈಂಗಿಕ ತೊಂದರೆ ತರುತ್ತದೆ. ಆತ್ಮಹತ್ಯೆಯ ಯೋಚನೆಗಳು ಈ ಮಾತ್ರೆಯ ಅಡ್ಡ ಪರಿಣಾಮವೆಂದು ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ಖಚಿತಪಡಿಸಿತು. ಅದನ್ನೇ ತಲೆಗೆ ಸಿಂಪಡಿಸುವ ಮಿಶ್ರಣ ಮಾಡಿ ಆನ್‌ಲೈನ್‌ನಲ್ಲಿ ಮಾರುವುದರ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರೂ ಅದೇ ವರ್ಷ ಎಚ್ಚರಿಕೆ ಕೊಟ್ಟರು. ಬಸುರಿಯರು ಮುಟ್ಟಲೂ ಬಾರದ ಔಷಧ ಇದು. ಕೂದಲಿಗೆಂದು ಚಾಕಲೇಟಿನಂತೆ ತಿನ್ನಿಸುವ ಬಯೋಟಿನ್‌ನ ಕೊರತೆ ಇರುವವರು ತೀರಾ ಅಪರೂಪ. ಹೆಚ್ಚು ತಿಂದರೆ ಹೃದಯಾಘಾತ ಪತ್ತೆ ಮಾಡುವ ರಕ್ತಪರೀಕ್ಷೆಯ ಫಲಿತಾಂಶವೇ ತಪ್ಪಾಗಬಹುದೆಂದು 2017ರಲ್ಲೇ ಎಚ್ಚರಿಸಲಾಗಿದೆ.

ಕೂದಲು ಕಸಿಯದ್ದು ಇನ್ನೂ ಭಯಾನಕ. ಕಾನ್ಪುರದಲ್ಲಿ ಕೂದಲು ಕಸಿ ಮಾಡಿಸಿಕೊಂಡ ಇಬ್ಬರು ಇಂಜಿನಿಯರುಗಳು ಸತ್ತ ಸುದ್ದಿ 2025ರ ಮೇ ತಿಂಗಳಲ್ಲಿ ಹೊರಬಂತು. ಅದನ್ನು ಮಾಡಿದವರು ದಂತವೈದ್ಯರೆಂಬುದು ಆರೋಪ. ಯೂಟ್ಯೂಬ್ ನೋಡಿ, ಕಾರ್ಯಾಗಾರಕ್ಕೆ ಹೋಗಿ ಬಂದು ಇಂಥ ಶಸ್ತ್ರಚಿಕಿತ್ಸೆ ಮಾಡುವಂತಿಲ್ಲ, ಸರಿಯಾದ ತರಬೇತಿ ಇರಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿತ್ತು. ಹೇಳಿ ಸುಮ್ಮನಾಯಿತು. ನೆತ್ತಿಯ ಮೇಲೆ ನಾಲ್ಕು ಕೂದಲು ಬೇಕೆಂದು ಆಸೆಪಟ್ಟದ್ದಕ್ಕೆ ಎರಡು ಮನೆಗಳ ದೀಪ ಆರಿತು.

ಕಾನೂನು ಇಲ್ಲವೇ? ಇದೆ. ಯಾವ ಔಷಧವೂ ಗುಣಪಡಿಸುತ್ತೇನೆಂದು ಹೇಳಿಕೊಳ್ಳಬಾರದ ಕಾಯಿಲೆಗಳ ಪಟ್ಟಿಯೊಂದು 1945ರ ಔಷಧ ನಿಯಮಗಳ ಜೆ ಪರಿಶಿಷ್ಟದಲ್ಲಿದೆ. ಬೊಕ್ಕತನ ಆ ಪಟ್ಟಿಯಲ್ಲಿದೆ. ಆದರೆ ಎಣ್ಣೆ ಮಾರುವವನು ಲೈಸೆನ್ಸ್ ಪಡೆಯುವಾಗ ಇದು ಔಷಧವಲ್ಲ, ಬರೀ ಸೌಂದರ್ಯಸಾಧನ ಎನ್ನುತ್ತಾನೆ. ಟಿವಿಯಲ್ಲಿ ಮಾತ್ರ ಅದು ಔಷಧವಾಗುತ್ತದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು ಅವಕಾಶ ಕೊಟ್ಟಿದೆ. ಹಣ ಪಡೆದು ಹೊಗಳುವ ನಟರಿಗೂ ಇದು ಅನ್ವಯ. ನಮ್ಮ ನೆರೆಯ ತ್ರಿಶೂರಿನ ಗ್ರಾಹಕ ನ್ಯಾಯಾಲಯ ಧಾತ್ರಿ ಕಂಪನಿಯ ಹೇರ್ ಕ್ರೀಮಿನ ಪ್ರಕರಣದಲ್ಲಿ ಕಂಪನಿಗೂ ಅದರ ಜಾಹೀರಾತಿನಲ್ಲಿ ಕಾಣಿಸಿಕೊಂಡ ನಟ ಅನೂಪ್ ಮೆನನ್‌ಗೂ ತಲಾ 10 ಸಾವಿರ ರೂಪಾಯಿ ದಂಡ ವಿಧಿಸಿದ್ದು 2021ರ ಆರಂಭದಲ್ಲಿ ಸುದ್ದಿಯಾಯಿತು. ಆ ಕ್ರೀಮನ್ನು ನಟ ಬಳಸಿಯೇ ಇರಲಿಲ್ಲ ಎಂಬುದು ವಿಚಾರಣೆಯಲ್ಲಿ ಹೊರಬಿತ್ತು. ಇದನ್ನು ಮಾಡಿಸಿದ್ದು ಸರಕಾರವಲ್ಲ, ಪಟ್ಟು ಬಿಡದ ಒಬ್ಬ ಸಾಮಾನ್ಯ ಗ್ರಾಹಕ. ನಮ್ಮಲ್ಲಿ ಅಂಥವರು ಏಕಿಲ್ಲ? ಮೋಸ ಹೋದೆ ಎಂದು ಹೇಳಿಕೊಳ್ಳಲು ನಾಚಿಕೆ. ಯಾವ ನಾಚಿಕೆಯನ್ನು ತೋರಿಸಿ ಬಾಟಲಿ ಮಾರಿದರೋ ಅದೇ ನಾಚಿಕೆ ದೂರು ಕೊಡದಂತೆ ಬಾಯಿಯನ್ನೂ ಕಟ್ಟುತ್ತದೆ. ಈ ವ್ಯಾಪಾರದ ನಿಜವಾದ ವಿಮೆ ಅದು.

ಆ ನಾಚಿಕೆಯನ್ನು ಕೊಟ್ಟವರು ಯಾರು? ಕಂಪನಿಯವರು ಮಾತ್ರವೇ? ಹುಡುಗಿ ನೋಡಲು ಹೋದಾಗ ಜಡೆಯ ಉದ್ದ ಅಳೆಯುವವರು ನಾವು. ಹುಡುಗ ಒಳ್ಳೆಯವನೇ, ಆದರೆ ತಲೆ ಸ್ವಲ್ಪ ಎಂದು ರಾಗ ಎಳೆಯುವವರು ನಾವು. ತರಗತಿಯಲ್ಲಿ ಬೊಕ್ಕತಲೆಯ ಮೇಷ್ಟ್ರಿಗೆ ಅಡ್ಡಹೆಸರಿಟ್ಟು ನಕ್ಕವರು ನಾವು. 2017ರಲ್ಲಿ ರಾಜ್ ಬಿ. ಶೆಟ್ಟಿ ಮಂಗಳೂರಿನ ಒಬ್ಬ ಬೊಕ್ಕತಲೆಯ ಕನ್ನಡ ಉಪನ್ಯಾಸಕನನ್ನೇ ನಾಯಕನನ್ನಾಗಿ ಮಾಡಿ ‘ಒಂದು ಮೊಟ್ಟೆಯ ಕಥೆ’ ಎಂಬ ಚಿತ್ರ ತೆಗೆದರು. ಜನ ಮೆಚ್ಚಿದರು, ಚಪ್ಪಾಳೆ ತಟ್ಟಿದರು. ಚಿತ್ರಮಂದಿರದಿಂದ ಹೊರಬಂದು ಮಗಳಿಗೆ ಗಂಡು ನೋಡುವಾಗ ಮತ್ತೆ ತಲೆಯನ್ನೇ ನೋಡಿದರು. ಹಜ್ ಮುಗಿಸಿದವನೂ ತಿರುಪತಿಗೆ ಹೋದವನೂ ತಲೆ ಬೋಳಿಸಿಕೊಂಡು ಬಂದರೆ ನಾವು ಗೌರವದಿಂದ ಬರಮಾಡಿಕೊಳ್ಳುತ್ತೇವೆ. ಕೂದಲನ್ನು ಅಹಂಕಾರದ ಸಂಕೇತವೆಂದು ಬಿಟ್ಟುಕೊಡಬಲ್ಲ ಸಂಸ್ಕೃತಿಗಳು ನಮ್ಮವು. ಅದೇ ತಲೆ ತಾನಾಗಿ ಬೋಳಾದರೆ ಮಾತ್ರ ನಗೆಪಾಟಲು.

ಹಾಗಾದರೆ ಏನು ಮಾಡಬೇಕು? ಕೂದಲು ಏಕಾಏಕಿ ಉದುರಿದರೆ ಅಥವಾ ತೆಳುವಾಗುತ್ತಾ ಹೋದರೆ ಎಣ್ಣೆ ಅಂಗಡಿಗಿಂತ ಮೊದಲು ಸರಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಜ್ವರ ಅಥವಾ ಹೆರಿಗೆಯ ನಂತರವಾದರೆ ಹೆದರದೆ ಕಾಯಿರಿ. ಮೋಸ ಹೋಗಿದ್ದರೆ ಬಿಲ್ಲು, ಜಾಹೀರಾತು ಎರಡನ್ನೂ ಜೋಪಾನವಾಗಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ. ಪತ್ರಿಕೆ ಮತ್ತು ಟಿವಿಯವರಿಗೂ ನಮ್ಮದೊಂದು ಮಾತಿದೆ: ಒಳಪುಟದಲ್ಲಿ ಮೂಢನಂಬಿಕೆಯ ವಿರುದ್ಧ ಲೇಖನ, ಹಿಂಪುಟದಲ್ಲಿ 90 ದಿನಗಳ ಎಣ್ಣೆ ಎಂಬ ದ್ವಂದ್ವವನ್ನು ಇನ್ನಾದರೂ ಬಿಡಿ. ಆರೋಗ್ಯ ಇಲಾಖೆಯವರು ಕಣ್ಣುರಿದು ಜನ ಆಸ್ಪತ್ರೆಗೆ ಓಡಿದ ಮೇಲೆ ಬರುವ ಬದಲು ಶಿಬಿರದ ಬ್ಯಾನರ್ ಕಟ್ಟಿದ ದಿನವೇ ಬರಲಿ. ಮನೆಯ ಹಿರಿಯರು ಮುಂದಿನ ಸಲ ಹುಡುಗನನ್ನೋ ಹುಡುಗಿಯನ್ನೋ ನೋಡಲು ಹೋದಾಗ ತಲೆಯ ಮೇಲೇನಿದೆ ಎಂಬುದನ್ನು ಬಿಟ್ಟು ತಲೆಯೊಳಗೇನಿದೆ ಎಂದು ವಿಚಾರಿಸಲಿ. ಈ ಕೊನೆಯ ಕೆಲಸಕ್ಕೆ ಕಾನೂನು ಬೇಕಿಲ್ಲ, ಖರ್ಚೂ ಇಲ್ಲ. ಎಣ್ಣೆ ವ್ಯಾಪಾರಿಗೆ ಅತಿ ಹೆಚ್ಚು ನಷ್ಟ ತರುವುದೂ ಅದೇ.